ಬೈಕ್ ಸವಾರರ ರಕ್ಷಣಾ ಉಡುಪು: ರಿಪೇರಿಗೂ ವ್ಯವಸ್ಥೆಯಾಗಲಿ

ಮಾನ್ಯ ಸಂಪಾದಕರೇ,

ಕಳೆದ ವರ್ಷ ಜೂನ್ ಮೊದಲ ವಾರ, ಮುಂಗಾರು ಆಗಷ್ಟೇ ಹಿಡಿದುಕೊಂಡಿದ್ದಾಗ, ನನ್ನ ರೈಡಿಂಗ್ ಜಾಕೆಟ್ಟಿನ ಮುಂಭಾಗದ ಜಿಪ್ಪು ಕೈಕೊಟ್ಟಿತು. ರನ್ನರ್ ಮೇಲಕ್ಕೂ ಕೆಳಕ್ಕೂ ಸಲೀಸಾಗಿ ಓಡುತ್ತಿತ್ತು, ಆದರೆ ಅದು ದಾಟಿಹೋದ ಹಿಂದೆಯೇ ಹಲ್ಲುಗಳು ಬಿಚ್ಚಿಕೊಳ್ಳುತ್ತಿದ್ದವು. ನಾನು ಔಷಧ ಕಂಪನಿಯೊಂದರ ಮಾರಾಟ ಪ್ರತಿನಿಧಿ. ಇಪ್ಪತ್ತೆರಡು ವರ್ಷಗಳಿಂದ ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಹೊಸನಗರ, ಸಾಗರಗಳ ಕಡೆಗೆ ಬೈಕಿನಲ್ಲೇ ಓಡಾಡಿ ಹೊಟ್ಟೆ ಹೊರೆಯುತ್ತಿರುವವನು. ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದಾಗ, ಜಾಕೆಟ್ ಕೊಂಡಿದ್ದ ಮಳಿಗೆಗೇ ಅದನ್ನು ಒಯ್ದೆ. ಅಲ್ಲಿನ ಹುಡುಗ ಅದನ್ನು ಕೈಗೆ ತೆಗೆದುಕೊಂಡು ನೋಡುವ ಮೊದಲೇ, ‘ಇದಕ್ಕೆ ಜಿಪ್ ಬರೋದಿಲ್ಲ ಸರ್, ಎಂಟು ವರ್ಷ ಆಯ್ತಲ್ಲ, ಹೊಸದೇ ತಗೊಳ್ಳಿ’ ಎಂದ. ಹೊಸದರ ಬೆಲೆ ಒಂಬತ್ತು ಸಾವಿರದ ಚಿಲ್ಲರೆ. ಶಿವಮೊಗ್ಗಕ್ಕೆ ಮರಳಿದ ಮೇಲೆ, ಬೈಕಿನ ಸೀಟ್ ಕವರ್ ಹೊಲಿಯುವ ಸಣ್ಣ ಅಂಗಡಿಯೊಂದರಲ್ಲಿ ಅದೇ ಜಾಕೆಟ್ಟನ್ನು ತೋರಿಸಿದೆ. ಅಂಗಡಿಯ ಹಿರಿಯರು ರನ್ನರನ್ನು ತಿರುಗಿಸಿ, ಅದರ ಬೆನ್ನಿನ ಮೇಲೆ ಉಬ್ಬಾಗಿ ಅಚ್ಚಾಗಿದ್ದ 8 ಎಂಬ ಅಂಕಿಯನ್ನು ಓದಿದರು. ಡಬ್ಬಿಯಿಂದ ಅದೇ ನಂಬರಿನ ಇನ್ನೊಂದು ರನ್ನರ್ ಹುಡುಕಿ, ಕೆಳತುದಿಯ ಎರಡು ಹೊಲಿಗೆ ಬಿಚ್ಚಿ ಅದನ್ನು ಏರಿಸಿ, ಮತ್ತೆ ಹೊಲಿದರು. ಹಲ್ಲುಗಳಿಗೆ ಏನೂ ಆಗಿರಲಿಲ್ಲ; ಸವೆದು ಬಾಯಿ ಅಗಲವಾಗಿದ್ದದ್ದು ರನ್ನರ್ ಮಾತ್ರ. ಹತ್ತು ನಿಮಿಷದ ಕೆಲಸಕ್ಕೆ ನಲವತ್ತು ರೂಪಾಯಿ ಕೇಳಿದರು.

ನನ್ನ ಹಣ ಉಳಿಯಿತೆಂದು ಹೇಳಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ಒಂಬತ್ತು ಸಾವಿರ ಕೊಡಲಾಗದ, ನಲವತ್ತು ರೂಪಾಯಿಯ ದಾರಿಯೂ ಗೊತ್ತಿಲ್ಲದ ಸವಾರ ಏನು ಮಾಡುತ್ತಾನೆ ಎಂಬುದು ನನ್ನ ಚಿಂತೆ. ನಾನು ಕಂಡಂತೆ, ಅವನು ಹೊಸ ಜಾಕೆಟ್ ಕೊಳ್ಳುವುದಿಲ್ಲ. ಹಳೆಯದನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ‘ಮುಂದಿನ ತಿಂಗಳು ನೋಡೋಣ’ ಎಂದುಕೊಂಡು ಬರೀ ಅಂಗಿಯಲ್ಲಿ ಬೈಕ್ ಹತ್ತುತ್ತಾನೆ, ಮತ್ತು ಆ ಮುಂದಿನ ತಿಂಗಳು ವರ್ಷಗಟ್ಟಲೆ ಬರುವುದೇ ಇಲ್ಲ. ನಮ್ಮ ವೃತ್ತಿಯ ಗೆಳೆಯರಲ್ಲೇ ಹೀಗೆ ಒಂದು ಜಿಪ್ಪಿಗಾಗಿ, ಒಂದು ಬಕಲ್ಲಿಗಾಗಿ, ಕಿತ್ತುಹೋದ ಒಂದು ಕಂಕುಳ ಹೊಲಿಗೆಗಾಗಿ ರಕ್ಷಣಾ ಉಡುಪನ್ನೇ ಬಿಟ್ಟವರು ನಾಲ್ಕೈದು ಮಂದಿ ಇದ್ದಾರೆ. ಆದ್ದರಿಂದ ರಿಪೇರಿಯನ್ನು ಜಿಪುಣತನವೆಂದೋ ಹಳೆಯ ಕಾಲದ ಅಭ್ಯಾಸವೆಂದೋ ತಳ್ಳಿಹಾಕದೆ, ರಸ್ತೆ ಸುರಕ್ಷತೆಯ ಒಂದು ಭಾಗವಾಗಿ ನೋಡಬೇಕೆಂದು ಸರ್ಕಾರ, ತಯಾರಕರು ಮತ್ತು ಸಹ ಸವಾರರಲ್ಲಿ ವಿನಂತಿಸಲು ಈ ಪತ್ರ.

ರೈಡಿಂಗ್ ಜಾಕೆಟ್ಟು ಹೊರನೋಟಕ್ಕೆ ಒಂದೇ ವಸ್ತುವಿನಂತೆ ಕಂಡರೂ ಅದು ಹಲವು ಬಿಡಿಭಾಗಗಳ ಜೋಡಣೆ. ಹೊರಗಿನದು ದಪ್ಪ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ. ಲೇಬಲ್ಲಿನ ಮೇಲೆ 600 ಡೆನಿಯರ್ ಎಂದು ಬರೆದಿದ್ದರೆ, ಆ ಬಟ್ಟೆಯ ನೂಲನ್ನು ಒಂಬತ್ತು ಸಾವಿರ ಮೀಟರ್ ಉದ್ದಕ್ಕೆ ತೂಗಿದರೆ 600 ಗ್ರಾಂ ಬರುತ್ತದೆ ಎಂದು ಅರ್ಥ. ಭುಜ, ಮೊಣಕೈ ಮತ್ತು ಬೆನ್ನಿನ ಜೇಬುಗಳಲ್ಲಿ ಪೆಟ್ಟು ತಡೆಯುವ ಪ್ಯಾಡುಗಳಿರುತ್ತವೆ. ಒಳಗೆ ಮಳೆಗೊಂದು, ಚಳಿಗೊಂದು ಬಿಡಿಸಿಡಬಹುದಾದ ಪದರ. ಇವುಗಳ ಜೊತೆಗೆ ಜಿಪ್ಪು, ವೆಲ್ಕ್ರೋ, ಒತ್ತುಗುಂಡಿ, ಸೊಂಟದ ಪಟ್ಟಿ. ಇವೆಲ್ಲ ಒಂದೇ ದಿನ ಹಾಳಾಗುವುದಿಲ್ಲ. ಮೊದಲು ಸೋಲುವುದು ಜಿಪ್ಪಿನ ರನ್ನರ್ ಮತ್ತು ವೆಲ್ಕ್ರೋ. ಎಷ್ಟೋ ವೇಳೆ ವೆಲ್ಕ್ರೋಗೆ ದುರಸ್ತಿಯೂ ಬೇಕಿಲ್ಲ. ಕೊಕ್ಕೆಗಳ ನಡುವೆ ಸಿಕ್ಕಿಕೊಂಡ ನೂಲು, ಕೂದಲುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ ಸೂಜಿಯಿಂದಲೋ ಬಿಡಿಸಿದರೆ ಮತ್ತೆ ಹಿಡಿಯುತ್ತದೆ. ಆದರೆ ಈ ಕೊನೆಯ ಇನ್ನೂರು ಗ್ರಾಂ ಸಾಮಾನು ಸೋತಿತೆಂದು ಇಡೀ ಎರಡೂವರೆ ಕಿಲೋ ಜಾಕೆಟ್ಟು ಮೂಲೆ ಸೇರುತ್ತದೆ.

ಹಾಗೆಂದು ಹೇಗಾದರೂ ಹೊಲಿದರಾಯಿತು ಎಂದು ನಾನು ಹೇಳುತ್ತಿಲ್ಲ. ಅದರ ಪಾಠವನ್ನು ನಾನೇ ಅನುಭವಿಸಿ ಕಲಿತಿದ್ದೇನೆ. ಆರು ವರ್ಷಗಳ ಹಿಂದೆ ಮಂಡಗದ್ದೆ ಸಮೀಪದ ತಿರುವಿನಲ್ಲಿ, ರಸ್ತೆಗೆ ಹರಿದುಬಂದಿದ್ದ ಜಲ್ಲಿಯ ಮೇಲೆ ಬೈಕು ಜಾರಿ ಎಡ ಮಗ್ಗುಲಿಗೆ ಬಿದ್ದೆ. ಹತ್ತು ಹದಿನೈದು ಅಡಿ ಉಜ್ಜಿಕೊಂಡು ಹೋಗಿದ್ದೆನೆಂದು ಆಮೇಲೆ ರಸ್ತೆಯ ಮೇಲಿನ ಗುರುತು ನೋಡಿ ತಿಳಿಯಿತು. ಎಡ ಮೊಣಕೈ ಬಳಿ ಬಟ್ಟೆ ಅಂಗೈಯಷ್ಟು ಅಗಲಕ್ಕೆ ಸವೆದು ಪ್ಯಾಡು ಕಾಣುತ್ತಿತ್ತು; ಉಜ್ಜಿದ ಬಿಸಿಗೆ ನೂಲಿನ ತುದಿಗಳು ಕರಗಿ ಗಟ್ಟಿ ಮಣಿಗಳಾಗಿದ್ದವು. ನನ್ನ ಕೈಯ ಚರ್ಮಕ್ಕೆ ಒಂದು ಗೀರೂ ಆಗಿರಲಿಲ್ಲ. ಆ ಜಾಕೆಟ್ಟಿನ ಮೇಲೆ ನನಗಿರುವ ಮಮತೆ ಅಂದಿನಿಂದ ಹುಟ್ಟಿದ್ದು.

ಮೊದಲು ಅದನ್ನು ಅಂಗಿ, ಪ್ಯಾಂಟು ಹೊಲಿಯುವ ಟೈಲರ್ ಒಬ್ಬರಿಗೆ ಕೊಟ್ಟೆ. ಅವರು ಕೆಲಸದಲ್ಲಿ ನಿಷ್ಠರು, ಆದರೆ ಇಂಥ ಉಡುಪನ್ನು ಹೊಲಿದು ಅಭ್ಯಾಸವಿದ್ದವರಲ್ಲ. ಅಂಗಿಗೆ ಬಳಸುವ ಸಾಮಾನ್ಯ ದಾರದಿಂದಲೇ ಚೌಕಾಕಾರದ ತೇಪೆಯನ್ನು ಮೇಲಿನಿಂದ ಹಾಕಿದರು. ತೋಳಿನೊಳಗಿನ ಮಳೆ ಪದರವನ್ನು ಬಿಡಿಸಿಕೊಳ್ಳದೆ ಅದನ್ನೂ ಸೇರಿಸಿ ಹೊಲಿದುಬಿಟ್ಟರು. ಆ ವರ್ಷದ ಜುಲೈನಲ್ಲಿ ಆಗುಂಬೆ ಘಾಟಿ ಇಳಿಯುವಾಗ, ಸೂಜಿ ಚುಚ್ಚಿದ ಒಂದೊಂದು ತೂತಿನಿಂದಲೂ ನೀರು ಜಿನುಗಿ ತೋಳು ಪೂರ್ತಿ ತೊಯ್ದಿತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿನ ದಾರಿಯಲ್ಲಿ ಸಣ್ಣ ತೂತು ಎಂಬುದೇ ಇಲ್ಲ. ಒಂದೇ ಮಳೆಗಾಲಕ್ಕೆ ದಾರ ಲಡ್ಡಾಗಿ ತೇಪೆಯ ಮೂಲೆಗಳು ಎದ್ದು ನಿಂತವು.

ಎರಡನೆಯ ಬಾರಿ ಅದನ್ನು ಸರಿಮಾಡಿದವರು ನಾನು ಮೊದಲು ಹೇಳಿದ ಸೀಟ್ ಕವರ್ ಅಂಗಡಿಯವರೇ. ಅವರ ಬಳಿ ರೆಕ್ಸಿನ್ ಹೊಲಿಯುವ ಭಾರದ ಮಷೀನು ಮತ್ತು ದಪ್ಪ ನೈಲಾನ್ ದಾರ ಇದ್ದವು. ಮೊದಲು ಹಳೆಯ ತೇಪೆಯನ್ನು ಬಿಚ್ಚಿ ತೆಗೆದರು. ಸವೆದ ಭಾಗದ ಸುತ್ತಲಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ, ಎಲ್ಲಿಯವರೆಗೆ ಗಟ್ಟಿಯಿದೆ ಎಂದು ಸೀಮೆಸುಣ್ಣದಿಂದ ಗೆರೆ ಹಾಕಿಕೊಂಡರು. ಹಾಳಾದ ಚಾರಣದ ಚೀಲವೊಂದರ ತಳದಿಂದ ಅದೇ ದಪ್ಪದ ನೈಲಾನ್ ಬಟ್ಟೆಯನ್ನು ನಾನು ಕತ್ತರಿಸಿ ಒಯ್ದಿದ್ದೆ. ಅದನ್ನು ಆ ಗೆರೆಗಿಂತ ಎರಡು ಬೆರಳು ಹೊರಗೆ ಬರುವಂತೆ, ಮೂಲೆಗಳನ್ನು ದುಂಡಗೆ ಮಾಡಿ ಕತ್ತರಿಸಿದರು. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಏಳುತ್ತದೆ ಎಂದು ವಿವರಿಸಿದರು. ಆಮೇಲೆ ಊದಿನಕಡ್ಡಿ ಹಚ್ಚಿ, ಅದರ ಕೆಂಡವನ್ನು ಬಟ್ಟೆಯ ಅಂಚಿನುದ್ದಕ್ಕೂ ನಿಧಾನವಾಗಿ ತಾಗಿಸುತ್ತ ಹೋದರು. ಬಿಡಿ ನೂಲುಗಳು ಕರಗಿ ಒಂದಕ್ಕೊಂದು ಅಂಟಿ ಅಂಚು ಗಟ್ಟಿಯಾಯಿತು. ತೋಳಿನ ಹೊಲಿಗೆಯನ್ನು ಒಳಗಿನಿಂದ ಒಂದು ಗೇಣು ಬಿಚ್ಚಿ, ತೇಪೆಯನ್ನು ಒಳಮೈಯಲ್ಲಿಟ್ಟು ಎರಡು ಸಾಲು ಹೊಲಿಗೆ ಹಾಕಿದರು. ಮಳೆ ಪದರವನ್ನು ಮುಟ್ಟಲಿಲ್ಲ. ಅದರ ಹಳೆಯ ಸೂಜಿ ತೂತುಗಳಿಗೆ ನಾನು ಮನೆಯಲ್ಲಿ ಟೆಂಟ್ ದುರಸ್ತಿಯ ಅಂಟು ಹಚ್ಚಿ ಒಂದು ರಾತ್ರಿ ಒಣಗಿಸಿದೆ. ಪೆಟ್ಟು ತಿಂದಿದ್ದ ಮೊಣಕೈ ಪ್ಯಾಡನ್ನು ತೆಗೆದುಹಾಕಿ ಹೊಸ ಜೋಡಿ ಕೊಂಡೆ, ಏಕೆಂದರೆ ಒಮ್ಮೆ ಜಜ್ಜಿದ ಪ್ಯಾಡು ಮತ್ತೊಮ್ಮೆ ಅಷ್ಟೇ ಪೆಟ್ಟು ತಡೆಯುತ್ತದೆಂದು ನಂಬುವಂತಿಲ್ಲ.

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಯುರೋಪಿನಲ್ಲಿ 2020ರಲ್ಲಿ ಬಂದ ಇಎನ್ 17092 ಎಂಬ ಮಾನದಂಡ ಇಂಥ ಉಡುಪುಗಳನ್ನು ಎಎಎ ಯಿಂದ ಸಿ ವರೆಗೆ ಐದು ದರ್ಜೆಗಳಲ್ಲಿ ವಿಂಗಡಿಸುತ್ತದೆ, ಮತ್ತು ಉಡುಪಿನ ಮೈಯನ್ನು ಅಪಾಯಕ್ಕೆ ತಕ್ಕಂತೆ ವಲಯಗಳಾಗಿ ಭಾಗ ಮಾಡುತ್ತದೆ. ಭುಜ, ಮೊಣಕೈ, ಸೊಂಟದ ಪಕ್ಕ, ಮೊಣಕಾಲು ಇವು ಬಿದ್ದಾಗ ಮೊದಲು ನೆಲಕ್ಕೆ ಬಡಿಯುವ ವಲಯ. ಕಂಕುಳು, ತೋಳಿನ ಒಳಬದಿಗಳು ಕೊನೆಯ ವಲಯ. ಬಟ್ಟೆ ಎಷ್ಟು ಉಜ್ಜು ತಡೆಯುತ್ತದೆ ಎಂಬುದರ ಜೊತೆಗೆ ಹೊಲಿಗೆ ಎಷ್ಟು ಎಳೆತ ತಡೆಯುತ್ತದೆ ಎಂಬುದನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ಏಕೆಂದರೆ ಹೊಲಿಗೆ ಬಿರಿದುಕೊಂಡರೆ ಎಂಥ ಬಟ್ಟೆಯೂ ಮೈಯನ್ನು ಕಾಯಲಾರದು. ಹೀಗಿರುವಾಗ ಕಂಕುಳಲ್ಲಿ ಹಾಕಿದ ತೇಪೆಯೂ ಮೊಣಕೈ ಮೇಲೆ ಹಾಕಿದ ತೇಪೆಯೂ ಒಂದೇ ಅಲ್ಲ. ನನ್ನ ಮೊಣಕೈ ತೇಪೆ ಕಾರ್ಖಾನೆಯಿಂದ ಬಂದಾಗಿನ ದರ್ಜೆಗೆ ಸಮ ಎಂದು ನಾನು ಹೇಳಲಾರೆ. ದಿನವಹಿ ಐವತ್ತು ಅರವತ್ತರ ವೇಗದ ಓಡಾಟಕ್ಕೆ, ಬರೀ ಅಂಗಿಗೆ ಹೋಲಿಸಿದರೆ, ಅದು ಸಾವಿರ ಪಾಲು ಮೇಲು ಎಂಬುದಷ್ಟೇ ನನ್ನ ತೀರ್ಮಾನ. ಹೆದ್ದಾರಿಯಲ್ಲಿ ದೂರ ಪ್ರಯಾಣ ಮಾಡುವವರು, ಮೊಣಕೈಯಂಥ ಮೊದಲ ವಲಯದಲ್ಲೇ ಜೋರಾಗಿ ಉಜ್ಜಿಸಿಕೊಂಡ ಉಡುಪನ್ನು ಬದಲಾಯಿಸುವುದೇ ಒಳ್ಳೆಯದು.

ಚರ್ಮದ ಸಾಮಾನಿಗೆ ಬೇರೆಯದೇ ಕೈ ಬೇಕು. ನನ್ನ ಚರ್ಮದ ಕೈಗವಸಿನ ಹೆಬ್ಬೆರಳ ಬುಡದ ಹೊಲಿಗೆ ಹೋದಾಗ ಅದನ್ನು ಬಸ್ ನಿಲ್ದಾಣದ ಬಳಿ ಚಪ್ಪಲಿ, ಬೂಟು ಹೊಲಿಯುವ ಒಬ್ಬರಿಗೆ ಕೊಟ್ಟೆ. ಮಷೀನು ಇದೆಯಲ್ಲ ಎಂದು ನಾನು ಕೇಳಿದ್ದಕ್ಕೆ ಅವರು ತಲೆಯಾಡಿಸಿದರು. ಮಷೀನು ಹಳೆಯ ತೂತುಗಳ ಪಕ್ಕದಲ್ಲಿ ಹೊಸ ತೂತು ಹೊಡೆಯುತ್ತದೆ, ಒತ್ತೊತ್ತಾಗಿ ತೂತು ಬಿದ್ದ ಚರ್ಮ ಅಂಚೆಚೀಟಿಯ ಹಾಳೆಯಂತೆ ಆ ಸಾಲಿನಲ್ಲೇ ಹರಿಯುತ್ತದೆ ಎಂಬುದು ಅವರ ವಿವರಣೆ. ಮೇಣ ತೀಡಿದ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಹಳೆಯ ತೂತುಗಳನ್ನೇ ಹುಡುಕಿ, ಒಂದೊಂದು ತೂತಿನಲ್ಲೂ ಎರಡೂ ಕಡೆಯಿಂದ ದಾರ ದಾಟಿಸಿ ಬಿಗಿಯುತ್ತ ಹೋದರು. ಹೀಗೆ ಹೊಲಿದರೆ ಮುಂದೆ ಒಂದು ಎಳೆ ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಮುಕ್ಕಾಲು ಗಂಟೆಯ ಕೆಲಸಕ್ಕೆ ಅವರು ಅರವತ್ತು ರೂಪಾಯಿ ಕೇಳಿದಾಗ ನನಗೆ ಸಂಕೋಚವೆನಿಸಿ ನೂರು ಕೊಟ್ಟು ಬಂದೆ. ಈ ವಿದ್ಯೆಗೆ ನಾವು ಕಟ್ಟುತ್ತಿರುವ ಬೆಲೆ ತೀರಾ ಕಡಿಮೆ. ಷೋರೂಮಿನಲ್ಲಿ ಒಂಬತ್ತು ಸಾವಿರವನ್ನು ಮರುಮಾತಿಲ್ಲದೆ ಕೊಡುವವರು ಇವರ ಮುಂದೆ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದನ್ನು ಕಂಡರೆ ನೋವಾಗುತ್ತದೆ.

ರಿಪೇರಿ ಮಾಡಲಾಗದ ಸಾಮಾನೂ ಇವೆ. ಮಲೆನಾಡು ಮತ್ತು ಕರಾವಳಿಯವರಿಗೆ ಇದು ಮುಖ್ಯ. ಅಗ್ಗದ ಮಳೆ ಪದರದ ಒಳಮೈಗೆ ಹಚ್ಚಿರುವ ಪಾಲಿಯುರೆಥೇನ್ ಲೇಪ ತೇವದ ಗಾಳಿಯಲ್ಲಿ ನಿಧಾನವಾಗಿ ಒಡೆದು, ಹಾವಿನ ಪೊರೆಯಂತೆ ಸುಲಿದು ಬರುತ್ತದೆ; ಹಾಗಾದ ಮೇಲೆ ಯಾವ ಅಂಟೂ ಪ್ರಯೋಜನವಿಲ್ಲ. ಬೂಟಿನ ಪಾಲಿಯುರೆಥೇನ್ ಅಟ್ಟೆ (ಸೋಲ್) ಕೂಡ ಹಾಗೆಯೇ. ಎರಡು ಮಳೆಗಾಲ ಬಳಸದೆ ಪೆಟ್ಟಿಗೆಯಲ್ಲಿಟ್ಟ ಬೂಟು ಮೆಟ್ಟಿಕೊಂಡ ದಿನವೇ ಪುಡಿಪುಡಿಯಾಗಿ ಉದುರಿದ್ದನ್ನು ನೋಡಿದ್ದೇನೆ. ಆದರೆ ಮೇಲಿನ ಚರ್ಮ ಚೆನ್ನಾಗಿದ್ದರೆ ರಬ್ಬರ್ ಅಟ್ಟೆ ಹಾಕಿಸಿ ಹೊಲಿಸಬಹುದು. ಪಿವಿಸಿ ರೈನ್‌ಕೋಟಿಗೆ ಟ್ಯೂಬ್ ಪಂಕ್ಚರಿನ ಸೊಲ್ಯೂಷನ್ ನಿಲ್ಲುವುದಿಲ್ಲ, ಪಿವಿಸಿಗೆಂದೇ ಇರುವ ಅಂಟು ಬೇಕು. ನೆನೆದ ಕೈಗವಸು, ಬೂಟುಗಳನ್ನು ಬಚ್ಚಲೊಲೆಯ ಬದಿಯಲ್ಲಿ ಒಣಗಿಸುವ ನಮ್ಮ ಕಡೆಯ ರೂಢಿಯನ್ನು ಬಿಡಬೇಕು. ಬಿಸಿಗೆ ಚರ್ಮ ಬಿರುಸಾಗಿ ಹೊಲಿಗೆಯ ಸಾಲಿನಲ್ಲೇ ಸೀಳುತ್ತದೆ. ಒಳಗೆ ಹಳೆಯ ಪತ್ರಿಕೆ ತುಂಬಿ, ನೆರಳಲ್ಲಿ ಗಾಳಿಗಿಟ್ಟರೆ ಬೂಷ್ಟೂ ಹಿಡಿಯುವುದಿಲ್ಲ.

ಹೆಲ್ಮೆಟ್ಟಿನ ವಿಷಯದಲ್ಲಂತೂ ತೇಪೆಯ ಮಾತೇ ಬೇಡ. ಅದರೊಳಗಿನ ಥರ್ಮಾಕೋಲಿನಂಥ ಪದರ ಪೆಟ್ಟಿನ ಹೊತ್ತಿಗೆ ತಾನು ಕುಸಿದು ತಲೆಬುರುಡೆಯನ್ನು ಉಳಿಸುತ್ತದೆ, ಒಮ್ಮೆ ಕುಸಿದದ್ದು ಮತ್ತೆ ಉಬ್ಬುವುದಿಲ್ಲ, ಮತ್ತು ಆ ಕುಸಿತ ಹೊರಗಿನಿಂದ ಕಾಣುವುದೂ ಇಲ್ಲ. ಬಿದ್ದ ಹೆಲ್ಮೆಟ್ಟಿಗೆ ಅಂಟು, ಬಣ್ಣ ಬಳಿದು ಮಾರುವುದು ಜೀವದ ಜೊತೆ ಆಡುವ ಆಟ. ಕತ್ತಿನ ಪಟ್ಟಿ ಹರಿದರೆ ಅದನ್ನೂ ಹೊಲಿಸಬಾರದು. ಗೀಚುಬಿದ್ದ ಗಾಜು ಮತ್ತು ಒಳಗಿನ ಮೆತ್ತೆಗಳನ್ನು ಮಾತ್ರ ಅದೇ ಮಾದರಿಯವನ್ನು ತಂದು ಬದಲಾಯಿಸಬಹುದು. ಹೆಲ್ಮೆಟ್‌ಗಳ ಭಾರತೀಯ ಮಾನದಂಡವಾದ ಐಎಸ್ 4151ರ ಐಎಸ್‌ಐ ಗುರುತಿರುವ ಹೊಸ ಹೆಲ್ಮೆಟ್ ಕೊಳ್ಳಲು ಹಣ ಬೇಕೆಂದರೆ, ಜಾಕೆಟ್ಟಿನ ರಿಪೇರಿಯಲ್ಲಿ ಉಳಿದದ್ದನ್ನು ಅಲ್ಲಿ ಹಾಕುವುದು ಸರಿಯಾದ ಲೆಕ್ಕ.

‘ತೇಪೆ ಹಚ್ಚುವುದು’ ಎಂಬ ಮಾತು ನಮ್ಮಲ್ಲಿ ಈಗ ಬೈಗುಳವಾಗಿಬಿಟ್ಟಿದೆ. ಕಣ್ಣೊರೆಸುವ ಕೆಲಸಕ್ಕೆಲ್ಲ ಪತ್ರಿಕೆಗಳೂ ಅದನ್ನೇ ಬಳಸುತ್ತವೆ. ಆದರೆ ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಒತ್ತಾಗಿ ಹೊಲಿದು ಕೌದಿ ಮಾಡುವ ಉತ್ತರ ಕರ್ನಾಟಕದ ಅಜ್ಜಿಯಂದಿರನ್ನು ಕೇಳಿದರೆ, ಎಲ್ಲಿ ಬಟ್ಟೆ ಸೋತಿದೆ, ಎಲ್ಲಿ ಇನ್ನೂ ಕಸುವಿದೆ ಎಂದು ಬೆರಳಿನಿಂದಲೇ ತಿಳಿಯುವ ಜಾಣ್ಮೆ ಅದಕ್ಕೆ ಬೇಕು ಎನ್ನುತ್ತಾರೆ. ನನ್ನ ಜಾಕೆಟ್ಟನ್ನು ಜಗ್ಗಿ ನೋಡಿ ಸೀಮೆಸುಣ್ಣದ ಗೆರೆ ಎಳೆದವರ ಕೈಯಲ್ಲಿದ್ದದ್ದೂ ಅದೇ ಜಾಣ್ಮೆ.

ತಯಾರಕರಿಗೆ ಇದು ಆಗದ ಕೆಲಸವೇನಲ್ಲ. ಅಮೆರಿಕದ ಮಿನೆಸೋಟ ರಾಜ್ಯದ ಡುಲೂತ್ ನಗರದ ಏರೋಸ್ಟಿಚ್ ಎಂಬ ಸಂಸ್ಥೆ 1983ರಿಂದ ಸವಾರರ ಉಡುಪು ಹೊಲಿಯುತ್ತಿದೆ, ಮತ್ತು ತಾನು ಮಾರಿದ ಹಳೆಯ ಉಡುಪುಗಳಿಗೆ ಜಿಪ್ಪು, ತೇಪೆ ಹಾಕಿಕೊಡುವ ಕೆಲಸವನ್ನೂ ಮಾಡುತ್ತದೆ. ಫ್ರಾನ್ಸ್ ದೇಶ 2023ರ ನವೆಂಬರಿನಿಂದ ಬಟ್ಟೆ ಮತ್ತು ಪಾದರಕ್ಷೆಗಳ ದುರಸ್ತಿಗೆ ಕೆಲಸಕ್ಕೆ ತಕ್ಕಂತೆ 6 ರಿಂದ 25 ಯೂರೋವರೆಗೆ ರಿಯಾಯಿತಿ ಕೊಡುವ ವ್ಯವಸ್ಥೆ ಮಾಡಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿ, ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತುಗಳು, ವಾಹನಗಳು ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ವಾಹನಕ್ಕೆ ಯೋಚಿಸಿರುವ ಈ ಹಕ್ಕು ವಾಹನದ ಮೇಲೆ ಕುಳಿತವನ ಮೈಮೇಲಿನ ರಕ್ಷಣೆಗೂ ಬರಬೇಕು ಎಂದು ಕೇಳುವುದು ಹೆಚ್ಚಲ್ಲ. ಜಿಪ್ಪಿನ ನಂಬರು, ಪ್ಯಾಡಿನ ಅಳತೆ, ಯಾವ ಹೊಲಿಗೆ ಬಿಚ್ಚಿದರೆ ಮಳೆ ಪದರಕ್ಕೆ ಧಕ್ಕೆಯಾಗದು ಎಂಬಷ್ಟನ್ನು ಒಳಗಿನ ಲೇಬಲ್ಲಿನಲ್ಲಿ ಕನ್ನಡದಲ್ಲೂ ಮುದ್ರಿಸಿದರೆ ಊರೂರಿನ ದರ್ಜಿಗೆ ಅದೇ ದೊಡ್ಡ ನೆರವು. ಜೊತೆಗೆ ಬಕಲ್, ಪ್ಯಾಡ್, ರನ್ನರ್‌ಗಳು ಮಾದರಿ ನಿಂತುಹೋದ ಮೇಲೂ ಕೆಲವು ವರ್ಷ ಬಿಡಿಯಾಗಿ ಸಿಗುವಂತಾಗಬೇಕು.

ರಾಜ್ಯ ಸರ್ಕಾರದ ಕೈಯಲ್ಲೂ ದಾರಿಗಳಿವೆ. ಚರ್ಮೋದ್ಯೋಗದವರಿಗಾಗಿಯೇ ಇರುವ ಲಿಡ್ಕರ್ ನಿಗಮವು ತನ್ನ ತರಬೇತಿಗಳಲ್ಲಿ ರೈಡಿಂಗ್ ಬೂಟು, ಕೈಗವಸು, ಜಾಕೆಟ್‌ಗಳ ದುರಸ್ತಿಯನ್ನು ಒಂದು ಪಾಠವಾಗಿ ಸೇರಿಸಿದರೆ, ರಸ್ತೆ ಬದಿಯಲ್ಲಿ ಕುಳಿತು ದುಡಿಯುವ ಕುಶಲಿಗಳಿಗೆ ಹೊಸ ಗಿರಾಕಿಗಳು ಸಿಗುತ್ತಾರೆ. 2025ರಲ್ಲಿ ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ರಾಜ್ಯ ತಂದ ಕಾಯ್ದೆಯಲ್ಲಿ ಕಲ್ಯಾಣ ಮಂಡಳಿ ಮತ್ತು ನಿಧಿಗೆ ಅವಕಾಶವಿದೆ. ಊಟ, ಸಾಮಾನು ಹೊತ್ತು ಇಡೀ ದಿನ ಬೈಕಿನ ಮೇಲಿರುವ ಆ ಹುಡುಗರ ಮೈಮೇಲೆ ಇರುವುದು ಕಂಪನಿಯ ತೆಳು ಟಿ-ಶರ್ಟು. ಅವರಿಗೆ ಜಾಕೆಟ್ ಕೊಡುವ ಯೋಚನೆ ಬಂದಾಗ, ಅದನ್ನು ವರ್ಷಕ್ಕೊಮ್ಮೆ ಉಚಿತವಾಗಿ ದುರಸ್ತಿ ಮಾಡಿಸಿಕೊಳ್ಳುವ ಚೀಟಿಯನ್ನೂ ಜೊತೆಗೆ ಕೊಡುವಂತಾಗಲಿ. ಇಲ್ಲವಾದರೆ ಅವೂ ಎರಡನೆಯ ಮಳೆಗಾಲಕ್ಕೆ ಮೊಳೆಗೆ ನೇತುಬೀಳುತ್ತವೆ.

ಸೀಟ್ ಕವರ್ ಅಂಗಡಿಯ ಹಿರಿಯರು ಈಗ 5, 8 ಮತ್ತು 10ನೇ ನಂಬರಿನ ರನ್ನರ್‌ಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿಟ್ಟುಕೊಂಡಿದ್ದಾರೆ. ನನ್ನ ಮಾತು ಕೇಳಿ ಜಾಕೆಟ್ ಒಯ್ದ ಗೆಳೆಯರು ಮೂವರು ಮತ್ತೆ ಅದನ್ನು ತೊಟ್ಟು ಓಡಾಡುತ್ತಿದ್ದಾರೆ. ನಾಲ್ಕನೆಯವರದು ಸೊಂಟದ ಪಟ್ಟಿಯ ಬಕಲ್ ಮುರಿದದ್ದು. ಆ ಅಳತೆಯದು ಊರಲ್ಲಿ ಎಲ್ಲೂ ಸಿಗದೆ, ‘ಇದನ್ನು ಕಂಪನಿಯವರು ಎಲ್ಲಿ ಮಾರುತ್ತಾರೆ ಕೇಳಿ ಹೇಳಿ, ನಾನೇ ದುಡ್ಡು ಕಳಿಸಿ ತರಿಸುತ್ತೇನೆ’ ಎಂದು ಅಂಗಡಿಯ ಹಿರಿಯರು ನನಗೆ ಹೇಳಿ ಎರಡು ತಿಂಗಳಾಯಿತು. ಕಂಪನಿಗೆ ನಾನು ಬರೆದ ಎರಡು ಪತ್ರಗಳಿಗೆ ಇನ್ನೂ ಉತ್ತರ ಬಂದಿಲ್ಲ. ತಯಾರಕರಲ್ಲಿ ಯಾರಾದರೂ ತಮ್ಮ ಪತ್ರಿಕೆಯ ಈ ಅಂಕಣದ ಮೂಲಕವೇ ಉತ್ತರಿಸಿದರೂ ಸಾಕು, ಅದನ್ನು ಕತ್ತರಿಸಿ ಆ ಅಂಗಡಿಗೆ ತಲುಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಶಿವಮೊಗ್ಗ